ಒಂದು ಸುತ್ತು ತಪ್ಪಿದರೆ?

ಶಿಗ್ಗಾವಿ ತಾಲೂಕಿನ ದುಂಡಸಿಯಲ್ಲಿ ಹೊಲಕ್ಕೆ ಬೇಲಿ ಹಾಕುವ ರೈತನಿಗೆ ಈ ಲೆಕ್ಕ ಹೊಸದಲ್ಲ. 100 ಅಡಿ ಉದ್ದದ ಬದು, 10 ಅಡಿಗೊಂದು ಗೂಟ. ಗೂಟ ಎಷ್ಟು ಬೇಕು? ಶಾಲೆಯ ಹುಡುಗ ಥಟ್ಟನೆ ಹತ್ತು ಎನ್ನುತ್ತಾನೆ. ರೈತ ಹನ್ನೊಂದು ಕಡಿದು ತರುತ್ತಾನೆ. ಸಂದು ಹತ್ತಾದರೆ ಗೂಟ ಹನ್ನೊಂದು.

ಕಂಪ್ಯೂಟರಿಗೆ ಎಣಿಸಲು ಹೇಳುವಾಗ ಮಕ್ಕಳು ಎಡವುವುದೂ ಇಲ್ಲಿಯೇ. ಡಚ್ ತಜ್ಞ ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯನ್ನೇ ನೋಡಿ. 'ಫಾರ್' ಎಂಬ ಆಜ್ಞೆ ಕೊಟ್ಟರೆ 17ರ ಮಗ್ಗಿ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಎಣಿಕೆಯ ಮಿತಿಯನ್ನು 'ರೇಂಜ್ (1, 10)' ಎಂದು ಬರೆದರೆ ಮಗ್ಗಿ 153ಕ್ಕೆ ನಿಂತುಬಿಡುತ್ತದೆ, 170 ಬರುವುದೇ ಇಲ್ಲ. ರೇಂಜ್ ಮೊದಲ ಸಂಖ್ಯೆಯನ್ನು ಒಳಗೆ ಬಿಟ್ಟುಕೊಂಡು ಕೊನೆಯದನ್ನು ಹೊಸ್ತಿಲಾಚೆಗೇ ನಿಲ್ಲಿಸುತ್ತದೆ. ಹತ್ತು ಸುತ್ತು ಬೇಕಾದರೆ 'ರೇಂಜ್ (1, 11)' ಎನ್ನಬೇಕು.

ಇದೆಂಥ ವಿಚಿತ್ರ ಎನಿಸುವುದು ಸಹಜ. ಇನ್ನೊಬ್ಬ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1982ರ ಟಿಪ್ಪಣಿಯೊಂದರಲ್ಲಿ ಇಂಥ ಎಣಿಕೆಯ ಪರ ವಾದಿಸಿದ್ದರು. ಕೊನೆಯದರಿಂದ ಮೊದಲನೆಯದನ್ನು ಕಳೆದರೆ ಸುತ್ತುಗಳ ಸಂಖ್ಯೆ ನೇರವಾಗಿ ಸಿಗುತ್ತದೆ. 11ರಲ್ಲಿ 1 ಹೋದರೆ 10. ಒಪ್ಪತಕ್ಕ ಮಾತೇ.

ತಪ್ಪಿಗಿಂತ ಅಪಾಯದ್ದು ಯಂತ್ರದ ಮೌನ. ಆಜ್ಞೆಯ ಒಂದಕ್ಷರ ತಪ್ಪಿದರೆ ಅದು ತಕರಾರು ಮಾಡುತ್ತದೆ. ಒಂದು ಸುತ್ತು ಕಡಿಮೆಯಾದರೆ ಚಕಾರ ಎತ್ತುವುದಿಲ್ಲ. 40 ಮಕ್ಕಳ ಅಂಕ ಕೂಡಿಸಬೇಕಾದ ಪ್ರೋಗ್ರಾಮ್ 39ಕ್ಕೇ ನಿಂತರೆ, ಹಾಜರಿ ಪುಸ್ತಕದ ಕೊನೆಯ ಮಗುವಿನ ಗತಿ ಏನು? ಉತ್ತರವೇನೋ ಚೊಕ್ಕಟವಾಗಿಯೇ ಮೂಡುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ಮೋಜು. ಸೊನ್ನೆಯಿಂದ ಹೊರಟು ಹತ್ತು ಸುತ್ತಿನಲ್ಲಿ ಪ್ರತಿಸಲ 0.1 ಕೂಡಿಸಿ ನೋಡಿ. 1 ಬರದೆ 0.9999999999999999 ಬರುತ್ತದೆ! ಯಂತ್ರದ್ದು ದ್ವಿಮಾನ ಪದ್ಧತಿ. 1ನ್ನು 3ರಿಂದ ಭಾಗಿಸಿದಾಗ ನಮ್ಮ ದಶಾಂಶ ಮುಗಿಯದಂತೆ, ಹತ್ತನೇ ಒಂದು ಅಲ್ಲಿ ಮುಗಿಯುವುದೇ ಇಲ್ಲ. ಎಲ್ಲಿಯೋ ಕತ್ತರಿಸಲೇಬೇಕು. ಆದ್ದರಿಂದ ಸುತ್ತುಗಳನ್ನು ಪೂರ್ಣಾಂಕಗಳಲ್ಲಿಯೇ ಎಣಿಸುವುದು ಕ್ಷೇಮ.

ಇದನ್ನು ಕಲಿಸಲು ಪಾಲಕರು ಸಾಲ ಮಾಡಿ ಕಂಪ್ಯೂಟರ್ ತರಬೇಕಾಗಿಲ್ಲ. ಪಾಟಿಯ ಮೇಲೆ ಒಂದು ಗೆರೆ ಎಳೆದು ಈಚೆ ಎಣಿಕೆ, ಆಚೆ ಮೊತ್ತ ಬರೆಯಲಿ. ಮೊದಲ ಸುತ್ತು ಮತ್ತು ಕೊನೆಯ ಸುತ್ತು, ಇವೆರಡನ್ನು ಕೈಯಾರೆ ನಡೆಸಿ ನೋಡದೆ ಗುಂಡಿ ಒತ್ತುವುದು ಬೇಡ. ಊಟಕ್ಕೆ ಕೂತಾಗ ಅವ್ವನೋ ಅಪ್ಪನೋ ಕೇಳಲಿ: 'ರೇಂಜ್ (5, 8)' ಎಂದರೆ ಎಷ್ಟು ಸುತ್ತು, ಯಾವ ಯಾವ ಸಂಖ್ಯೆ? ಕಂಪ್ಯೂಟರ್ ಮುಟ್ಟದವರೂ ಎಂಟರಲ್ಲಿ ಐದು ಕಳೆದು ತಾಳೆ ನೋಡಬಹುದು. ಮಗು ಐದು, ಆರು, ಏಳು ಎಂದು ಹೇಳಿ ಅಲ್ಲಿಗೇ ನಿಲ್ಲಬೇಕು.