ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರಯೋಗಶಾಲೆಯಲ್ಲಿ ನಾನು ಹೇಳುತ್ತಿದ್ದ ಮಾತೊಂದು ನನ್ನ ಹಳೆಯ ವಿದ್ಯಾರ್ಥಿ ಮಿತ್ರರಿಗೆ ನೆನಪಿರಬಹುದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಬರೆದುಕೊಳ್ಳಿ. ಆ ಮಾತು ಈಚೆಗೆ ನಮ್ಮ ಮನೆಯಲ್ಲೇ ಪ್ರಯೋಜನಕ್ಕೆ ಬಂದಿತು.

ಮೊಮ್ಮಗನ ಕಂಪ್ಯೂಟರು ಆಟದ ನಡುವೆ ಸ್ತಬ್ಧವಾಗುತ್ತಿತ್ತು. ಕೆಲವೊಮ್ಮೆ ನೀಲಿ ಪರದೆ ತೋರಿಸಿ ತಾನೇ ಮತ್ತೆ ಆರಂಭವಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡು ಕೆಟ್ಟಿದೆಯೆಂದು ತೀರ್ಮಾನಿಸಿ, ಎರಡು ವರ್ಷ ಕೂಡಿಟ್ಟ ಹಣವನ್ನೆಲ್ಲ ಹೊಸ ಕಾರ್ಡಿಗೆ ಸುರಿಯಲು ಅವನು ಸಿದ್ಧನಾಗಿದ್ದನು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ದಾಖಲಾಗಿತ್ತು. ಯಂತ್ರವು ಕ್ರಮಬದ್ಧವಾಗಿ ನಿಲ್ಲಲಿಲ್ಲವೆಂಬುದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳದು.

ನೋಟ್‌ಬುಕ್ಕೊಂದನ್ನು ಹಿಡಿದು ಇಬ್ಬರೂ ಕುಳಿತೆವು. ಮೊದಲು ಧೂಳು ತೆಗೆದು ಉಷ್ಣತೆಯನ್ನು ನೋಡಿದೆವು. ಆಡುವಾಗ ಪ್ರೊಸೆಸರ್ 72 ಡಿಗ್ರಿ ಸೆಲ್ಸಿಯಸ್, ಭಯಪಡುವಂಥದ್ದಲ್ಲ. ಬಳಿಕ ಬಯಾಸ್‌ನಲ್ಲಿ ಎಕ್ಸ್‌ಎಂಪಿಯನ್ನು ಆರಿಸಿ, ರ‍್ಯಾಮ್‌ನ ವೇಗವನ್ನು ಮೂಲಮಟ್ಟಕ್ಕೆ ಇಳಿಸಿದೆವು. ತೊಂದರೆ ಹಾಗೆಯೇ ಉಳಿಯಿತು. ಮೂರನೆಯದಾಗಿ ರಾತ್ರಿಯೆಲ್ಲ ಮೆಮ್‌ಟೆಸ್ಟ್86 ನಡೆಸಿದಾಗ ಬೆಳಗಿಗೆ ದೋಷಗಳ ಸಾಲೇ ಕಂಡಿತು. ಇದ್ದ ಎರಡು ರ‍್ಯಾಮ್‌ಗಳನ್ನು ಒಂದೊಂದಾಗಿ, ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದೆವು. ಒಂದರಲ್ಲಿ ದೋಷವಿಲ್ಲ, ಇನ್ನೊಂದರಲ್ಲಿ ಮತ್ತೆ ಮತ್ತೆ ದೋಷ. ಸ್ಲಾಟು ಬದಲಾಗದಿದ್ದುದರಿಂದ ಅನುಮಾನ ಆ ರ‍್ಯಾಮ್ ಮೇಲೆಯೇ ನಿಂತಿತು. ವಾರಂಟಿಯಲ್ಲಿ ಬದಲಿ ದೊರೆಯಿತು. ಅಂದಿನಿಂದ ಯಂತ್ರ ನಿಂತಿಲ್ಲ.

“ಕಾರ್ಡು ಕೊಂಡಿದ್ದರೂ ಹೀಗೇ ನಿಲ್ಲುತ್ತಿತ್ತಲ್ಲವೇ ತಾತ?” ಎಂದನು. ಅಷ್ಟು ಅರ್ಥವಾದರೆ ಸಾಕು. ಊಹಿಸುವುದು ತಪ್ಪಲ್ಲ, ಪರೀಕ್ಷಿಸುವ ಮೊದಲೇ ಊಹೆಗೆ ಬೆಲೆ ತೆರುವುದು ಸಲ್ಲದು. ಹಣ ಉಳಿದದ್ದು ಅವನ ಲಾಭ. ಮೂರು ಸಂಜೆ ಅವನು ನನ್ನ ಪಕ್ಕದಲ್ಲಿ ಕುಳಿತದ್ದು ನನ್ನ ಲಾಭ.