ಬಾಣದ ಬೆನ್ನು ಹತ್ತಿ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಕಾರ್ಖಾನೆಯ ಪ್ರಾಜೆಕ್ಟ್ ನಕ್ಷೆ ತೆರೆದುಕೊಂಡು ಕೂರುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ನಂಬಿದವರು ಮರುಗುತ್ತಾರೆ. "ಭಾನುವಾರಾನೂ ಬಿಡಲ್ವಾ ನಿಮ್ಮ ಮನೆಯವರ ಕಂಪನಿಯವರು?" ಎಂದು ಪಕ್ಕದ ಮನೆಯಾಕೆ ನನ್ನ ಹೆಂಡತಿಯನ್ನು ಕೇಳಿದರು. "ಅವರು ಬಿಟ್ಟಿದ್ದಾರೆ ಕಣ್ರೀ, ಇವರೇ ಬಿಡ್ತಿಲ್ಲ" ಅಂದಳು ಇವಳು. ಇದಕ್ಕಿಂತ ನಿಖರವಾದ ವರದಿ ನಮ್ಮ ಪ್ಲಾನಿಂಗ್ ವಿಭಾಗದಿಂದಲೂ ಹೊರಟಿಲ್ಲ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಕೆಲಸ. ಗಿರಾಕಿ ಕೇಳಿದ ಹಾಗೆ ಒಂದೊಂದೇ ಮಷಿನ್ ಕಟ್ಟಿಕೊಡುವ ಕಾರ್ಖಾನೆ. ಒಂದು ಮಷಿನ್ ಅಂದರೆ ನೂರಾರು ಕೆಲಸ. ಡ್ರಾಯಿಂಗ್, ಪ್ಯಾಟರ್ನ್, ಕಾಸ್ಟಿಂಗ್, ಮಷಿನಿಂಗ್, ಹೊರಗಡೆ ಜಾಬ್ ವರ್ಕಿಗೆ ಹೋಗಿ ಬರುವ ಹೀಟ್ ಟ್ರೀಟ್‌ಮೆಂಟು, ಗ್ರೈಂಡಿಂಗ್, ಪೇಂಟು, ವೈರಿಂಗ್. ನಕ್ಷೆಯಲ್ಲಿ ಪ್ರತಿಯೊಂದಕ್ಕೂ ಒಂದು ಚೌಕ. ಯಾವುದು ಮುಗಿದ ಮೇಲೆ ಯಾವುದು ಎಂದು ಹೇಳುವುದಕ್ಕೆ ಚೌಕದಿಂದ ಚೌಕಕ್ಕೆ ಬಾಣ. ಮುಗಿದದ್ದು ಹಸಿರು, ನಡೆಯುತ್ತಿರುವುದು ಹಳದಿ, ಒಂದು ದಿನ ಜಾರಿದರೂ ಡಿಸ್‌ಪ್ಯಾಚ್ ಜಾರುವಂಥದ್ದು ಕೆಂಪು. ಸಾಮಗ್ರಿ ಇಷ್ಟೇ. ಆಟ ಮಾತ್ರ ಮುಗಿಯುವುದಿಲ್ಲ.

ಮೌಸಿನ ಚಕ್ರ ಹಿಂದಕ್ಕೆ ಉರುಳಿಸಿದರೆ ಇಡೀ ಮಷಿನ್ ಪರದೆಯೊಳಗೆ ಮುದುಡಿ ಕೂರುತ್ತದೆ. ಅಕ್ಷರ ಕಾಣುವುದಿಲ್ಲ, ದಟ್ಟಣೆ ಕಾಣುತ್ತದೆ. ಎಲ್ಲಿ ಹತ್ತಾರು ಬಾಣ ಬಂದು ಒಂದೇ ಚೌಕಕ್ಕೆ ನಾಟಿವೆಯೋ ಅಲ್ಲೊಂದು ಜಗಳ ಕಾದಿದೆ ಎಂದು ದೂರದಿಂದಲೇ ಹೇಳಬಹುದು. ಚಕ್ರ ಮುಂದಕ್ಕೆ ಉರುಳಿಸಿ ಒಂದು ಚೌಕದ ಮುಂದೆ ಹೋಗಿ ನಿಂತರೆ ಹೆಸರು, ದಿನ, ಹೊಣೆಗಾರ ಎಲ್ಲ ಸ್ಪಷ್ಟ. ಆದರೆ ಅಷ್ಟು ಹತ್ತಿರದಿಂದ ಅಕ್ಕಪಕ್ಕ ಯಾರಿದ್ದಾರೆಂದು ಗೊತ್ತಾಗುವುದಿಲ್ಲ. ಹೀಗಾಗಿ ನಾನು ಮೌಸನ್ನು ಆದಷ್ಟು ದೂರ ಇಟ್ಟು ಕೀಲಿಮಣೆಯಲ್ಲೇ ತಿರುಗುತ್ತೇನೆ. ನಮ್ಮ ತಂತ್ರಾಂಶದಲ್ಲಿ ಬಲದ ಕೀಲಿ ಒತ್ತಿದರೆ ಮುಂದಿನ ಕೆಲಸ, ಎಡದ್ದು ಒತ್ತಿದರೆ ಹಿಂದಿನದು, ಮೇಲೆ ಕೆಳಗೆ ಒತ್ತಿದರೆ ಒಂದೇ ಕೆಲಸದಿಂದ ಕವಲೊಡೆದ ಉಳಿದವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಊರು ಕೇಳಿ, ಆ ಊರಿಗೆ ಕೊಟ್ಟ ಹೆಣ್ಣನ್ನು ನೆನೆದು, ಆಕೆಯ ನಾದಿನಿಯ ಮೂಲಕ ತುಮಕೂರು ಬರುವುದರೊಳಗೆ ತಮಗೂ ಅವರಿಗೂ ನಂಟು ಹಚ್ಚಿಬಿಡುವ ಅಜ್ಜಿಯಂದಿರಿದ್ದಾರಲ್ಲ, ಈ ನಕ್ಷೆಯಲ್ಲಿ ತಿರುಗುವುದು ಅವರದೇ ವಿದ್ಯೆ.

ಕೆಲಸಗಳನ್ನು ಆರಿಸಿಕೊಳ್ಳುವುದು ಇನ್ನೂ ರುಚಿಯ ಭಾಗ. ಖಾಲಿ ಜಾಗದಲ್ಲಿ ಮೌಸ್ ಒತ್ತಿ ಎಳೆದರೆ ಒಂದು ಚೌಕಟ್ಟು ಬಿಚ್ಚಿಕೊಳ್ಳುತ್ತದೆ, ಒಳಗೆ ಬಿದ್ದದ್ದೆಲ್ಲ ನಮ್ಮದು. ಹೊಸಬರಿಗೆ ಇದೇ ಇಷ್ಟ. ಆದರೆ ಅದು ಹಿಡಿಯುವುದು ನೆರೆಹೊರೆಯನ್ನು. ಪರದೆಯ ಮೇಲೆ ಪಕ್ಕಪಕ್ಕ ಇರುವ ಪೇಂಟಿಂಗಿಗೂ ಪ್ರೋಗ್ರಾಮಿಂಗಿಗೂ ಯಾವ ಸಂಬಂಧವೂ ಇಲ್ಲದಿರಬಹುದು. ಪೇಂಟಿಂಗಿನ ನಿಜವಾದ ಸಂಬಂಧಿ ಪರದೆಯ ಇನ್ನೊಂದು ತುದಿಯಲ್ಲಿ ಕೂತಿರುತ್ತದೆ. ಅದಕ್ಕೇ ಬೇರೆ ಆಜ್ಞೆ ಇದೆ: ಒಂದು ಚೌಕ ಮುಟ್ಟಿ, ಇದಕ್ಕೆ ಮೊದಲು ಆಗಬೇಕಾದದ್ದೆಲ್ಲ ತೋರಿಸು ಎನ್ನಬೇಕು. ಬಾಣಗಳುದ್ದಕ್ಕೂ ಹಿಂದಕ್ಕೆ ದೀಪ ಹತ್ತುತ್ತ ಹೋಗುತ್ತದೆ, ಉಳಿದ ನಕ್ಷೆ ಮಸುಕಾಗುತ್ತದೆ. ನೂರಾರರ ನಡುವೆ ಹದಿನೈದೋ ಇಪ್ಪತ್ತೋ ಚೌಕ ಮಾತ್ರ ಎದ್ದು ನಿಲ್ಲುತ್ತವೆ. ಅಷ್ಟೂ ಹೊತ್ತು ಗದ್ದಲವಾಗಿದ್ದದ್ದು ಆಗ ಒಂದು ಕಥೆಯಾಗುತ್ತದೆ.

ಕೆಂಪು ಯಾಕೆ ಕೆಂಪು ಎಂಬುದಕ್ಕೂ ಸರಳ ಲೆಕ್ಕವಿದೆ. ಒಂದು ಮಷಿನ್ನಿನ ಬೆಡ್ಡಿಗೆ ಪ್ಯಾಟರ್ನ್ 8 ದಿನ, ಕಾಸ್ಟಿಂಗ್ 12, ಮಷಿನಿಂಗ್ 6, ಗ್ರೈಂಡಿಂಗ್ 4 ಅನ್ನಿ. ಒಟ್ಟು 30. ಅತ್ತ ಕಂಟ್ರೋಲ್ ಪ್ಯಾನೆಲ್ಲಿಗೆ 15, ಅದರ ವೈರಿಂಗಿಗೆ 5. ಒಟ್ಟು 20. ಅಸೆಂಬ್ಲಿಗೆ ಎರಡೂ ಬೇಕು. ಬೆಡ್ಡಿನ ಸಾಲು ಕೆಂಪು. ಪ್ಯಾನೆಲ್ಲಿನವರಿಗೆ 10 ದಿನ ಬಿಡುವು, ನಾವು ಫ್ಲೋಟ್ ಅನ್ನುತ್ತೇವೆ. ಪ್ಯಾನೆಲ್ಲಿನವರನ್ನು ರಾತ್ರಿ ಪಾಳಿ ಕೂರಿಸಿ ನಾಲ್ಕು ದಿನ ಉಳಿಸಿದರೆ ಮಷಿನ್ ನಾಲ್ಕು ನಿಮಿಷವೂ ಬೇಗ ಹೊರಡುವುದಿಲ್ಲ. ಬಿಡುವನ್ನು ಪೂರ್ತಿ ಉಂಡು ಮುಗಿಸಿದರೆ ಮಾತ್ರ ಅವರೂ ಕೆಂಪಾಗುತ್ತಾರೆ. ಯಾರೂ ಮಾಡದ ಕೆಲಸಕ್ಕೂ ಇಲ್ಲಿ ಜಾಗವುಂಟು. ಪೇಂಟ್ ಒಣಗುವುದಕ್ಕೆ ಒಂದು ದಿನ ಬರೆದಿರುತ್ತೇವೆ. ಓವರ್‌ಟೈಮ್ ಕೊಟ್ಟರೂ ಅದು ಬೇಗ ಒಣಗುವುದಿಲ್ಲ.

ಈ ವಿದ್ಯೆಗೆ ಬಹಳ ವಯಸ್ಸಾಗಿಲ್ಲ. 1957ರಲ್ಲಿ ಅಮೆರಿಕದ ಡುಪಾಂಟ್ ರಸಾಯನ ಕಂಪನಿಯವರು ರೆಮಿಂಗ್ಟನ್ ರ್‍ಯಾಂಡ್ ಜೊತೆ ಸೇರಿ ಈ ಕೆಂಪು ಸಾಲಿನ, ಅಂದರೆ ಕ್ರಿಟಿಕಲ್ ಪಾತ್‌ನ, ಲೆಕ್ಕ ಕಟ್ಟಿದರು. ಮರುವರ್ಷ ಅಲ್ಲಿನ ನೌಕಾಪಡೆ ಪೋಲಾರಿಸ್ ಕ್ಷಿಪಣಿಗಾಗಿ ಪರ್ಟ್ ಪದ್ಧತಿ ತಂದಿತು. ಆಗ ಕೆಲಸದ ಹೆಸರನ್ನು ಬರೆಯುತ್ತಿದ್ದದ್ದು ಬಾಣದ ಮೇಲೆ, ಲೆಕ್ಕ ಹಾಕಲು ಕೋಣೆ ತುಂಬುವ ಕಂಪ್ಯೂಟರ್. 1961ರಲ್ಲಿ ಸ್ಟ್ಯಾನ್‌ಫರ್ಡಿನ ಜಾನ್ ಫಾಂಡಾಲ್ ಕಂಪ್ಯೂಟರಿಲ್ಲದೆ ಕಾಗದ ಪೆನ್ಸಿಲ್ಲಿನಲ್ಲೇ ಇದನ್ನು ಮಾಡಿ ತೋರಿಸಿದರು. ಕೆಲಸವನ್ನು ಬಾಣಗಳು ಕೂಡುವ ಗಂಟಿನಲ್ಲಿಟ್ಟು, ಬಾಣಕ್ಕೆ ಸಂಬಂಧವನ್ನಷ್ಟೇ ಹೊರಿಸಿದರು. ಇಂದು ನಾನು ಕೀಲಿ ಒತ್ತಿ ಓಡಾಡುವುದು ಆ ದಾರಿಯಲ್ಲೇ.

ಕಾರ್ಖಾನೆಯ ನಕ್ಷೆ ಬೇಸರವಾದರೆ ಊರಿನದನ್ನು ಬರೆಯುತ್ತೇನೆ. ನನ್ನ ಅಚ್ಚುಮೆಚ್ಚಿನದು ನಮ್ಮ ಪೀಣ್ಯದ್ದೇ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಇಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ. 360 ಕಿಲೋ ತೂಕ, 26 ಮುಖ. ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟು ಉಳಿದ ಮುಖಗಳಿಗೆಲ್ಲ ಸೌರಕೋಶ. ಉಪಗ್ರಹದ ಚೌಕದಿಂದ ಎಡಕ್ಕೆ ನಡೆಯುತ್ತ ಹೋದರೆ ಪರೀಕ್ಷೆಗಳು, ಜೋಡಣೆ, ಬಿಡಿಭಾಗಗಳು, ಅವುಗಳಿಗೂ ಹಿಂದೆ, ಶೆಡ್ಡನ್ನೇ ಪ್ರಯೋಗಾಲಯ ಮಾಡುವ ಕೆಲಸ ಸಿಗುತ್ತದೆ. ಬಲಕ್ಕೆ ಹೋದರೆ ಇರುವುದೊಂದೇ ಬಾಣ, ಅದು ದೇಶವನ್ನೇ ದಾಟುತ್ತದೆ. ರಾಕೆಟ್ ಸೋವಿಯತ್ ಒಕ್ಕೂಟದ್ದು, ಉಡಾವಣೆ ಕಪೂಸ್ತಿನ್ ಯಾರ್‌ನಿಂದ, 1975ರ ಏಪ್ರಿಲ್ 19ರಂದು. ಹೊರಗಿನವರ ಕೈಯಲ್ಲಿರುವ ಬಾಣವನ್ನು ನಾವು ದಪ್ಪಗೆ ಬರೆಯುತ್ತೇವೆ. ಇದಕ್ಕಿಂತ ದಪ್ಪನೆಯದನ್ನು ನಾನು ಬರೆದಿಲ್ಲ.

ಮೆಟ್ರೋ ಇನ್ನೊಂದು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ 13 ಕಿಲೋಮೀಟರಿಗೂ ಹೆಚ್ಚು ದೂರ ರೈಲು ಓಡಿತು. ಬೈಯಪ್ಪನಹಳ್ಳಿಯ ಈಚೆಗೆ ಹಳೆಯ ಮಾರ್ಗವೂ ಓಡುತ್ತಿತ್ತು. ನಡುವೆ ರೈಲ್ವೆ ಹಳಿ ದಾಟಬೇಕಿದ್ದ ಎರಡು ಕಿಲೋಮೀಟರಿನಷ್ಟು ತುಂಡು ಅಕ್ಟೋಬರ್ 9ರವರೆಗೆ ಉಳಿಯಿತು. ಅಲ್ಲಿಯತನಕ ಜನ ಇಳಿದು ಬಸ್ಸು ಹತ್ತಿ ಮತ್ತೆ ರೈಲು ಹತ್ತಿದರು. ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗದ ಕಥೆ ಬೇರೆ. ಕಂಬ, ಹಳಿ, ನಿಲ್ದಾಣ ಎಲ್ಲ ಎದ್ದು ನಿಂತಿದ್ದವು, ರೈಲುಗಳೇ ಬಂದಿರಲಿಲ್ಲ. 19 ಕಿಲೋಮೀಟರ್, 16 ನಿಲ್ದಾಣಗಳ ಮಾರ್ಗ 2025ರ ಆಗಸ್ಟ್ 10ರಂದು ಮೂರೇ ರೈಲುಗಳೊಂದಿಗೆ ಉದ್ಘಾಟನೆಯಾಯಿತು. ಹೊಸೂರು ರಸ್ತೆಯ ಜಾಮಿನಲ್ಲಿ ಕೂತು ತಲೆಯ ಮೇಲಿನ ಕಾಂಕ್ರೀಟನ್ನು ಬೈಯುತ್ತಿದ್ದ ಸಾಫ್ಟ್‌ವೇರ್ ಗೆಳೆಯನಿಗೆ ನಾನು ಪೇಪರ್ ನ್ಯಾಪ್‌ಕಿನ್ ಮೇಲೆ ನಾಲ್ಕು ಚೌಕ ಬರೆದು ತೋರಿಸಿದೆ. ಅವನು ನೋಡಿ, "ನಮ್ಮ ರಿಲೀಸೂ ಹಿಂಗೇ ಗುರೂ, ಕೋಡ್ ರೆಡಿ, ಟೆಸ್ಟ್ ಸರ್ವರ್ ಇಲ್ಲ" ಅಂದ.

ಸೋಮವಾರದ ಮೀಟಿಂಗಿನಲ್ಲಿ ಈ ತಿರುಗಾಟಕ್ಕೆ ಬೆಲೆ ಬರುತ್ತದೆ. "ಅಸೆಂಬ್ಲಿ ಯಾಕ್ರೀ ಇನ್ನೂ ಶುರುವಾಗಿಲ್ಲ?" ಎಂದು ಮ್ಯಾನೇಜರ್ ಕೇಳುತ್ತಾರೆ. ಅಸೆಂಬ್ಲಿ ಸೂಪರ್‌ವೈಸರ್ ಎದ್ದು ನಿಂತು, "ಬೆಡ್ ಬಂದಿಲ್ಲ ಸಾರ್" ಅನ್ನುತ್ತಾರೆ. ಎಲ್ಲರೂ ಗ್ರೈಂಡಿಂಗಿನವರತ್ತ ತಿರುಗುತ್ತಾರೆ. ನಾನು ಗೋಡೆಯ ಪರದೆಯ ಮೇಲೆ ಎಡದ ಕೀಲಿ ಒತ್ತುತ್ತ ಹೋಗುತ್ತೇನೆ. ಗ್ರೈಂಡಿಂಗ್ ಫಿಕ್ಸ್ಚರಿಗೆ ಕಾದಿದೆ, ಫಿಕ್ಸ್ಚರ್ ಡ್ರಾಯಿಂಗಿಗೆ, ಡ್ರಾಯಿಂಗ್ ಗಿರಾಕಿಯ ಒಪ್ಪಿಗೆಗೆ. ಒಪ್ಪಿಗೆ ಕೇಳುವ ಪತ್ರ ಮ್ಯಾನೇಜರ್ ಸಾಹೇಬರ ಸಹಿಗೆ ಕಾದಿದೆ. ನಕ್ಷೆಗೆ ದಾಕ್ಷಿಣ್ಯವಿಲ್ಲ, ಅವರ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಅವರು ಗಂಟಲು ಸರಿಮಾಡಿಕೊಂಡು ಟೀ ತರಿಸುತ್ತಾರೆ. ಮಧ್ಯಾಹ್ನದೊಳಗೆ ಸಹಿ ಬೀಳುತ್ತದೆ.

ನಿಂತುಹೋದ ಕೆಲಸದ ಮುಂದೆ ನಿಂತು ಕೂಗಾಡುವುದು ಸುಲಭ, ಆದರೆ ಕಾರಣ ಅಲ್ಲಿರುವುದು ಅಪರೂಪ. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಏನಾದರೂ ನಿಂತರೆ ಎದುರಿಗಿರುವವರನ್ನು ಬೈಯುವ ಮೊದಲು ಮೂರು ಬಾಣ ಹಿಂದಕ್ಕೆ ನಡೆದು ನೋಡಿ. ಕೊನೆಯ ಚೌಕದಲ್ಲಿ ನಿಮ್ಮದೇ ಹೆಸರಿದ್ದರೆ, ಸಹಿ ಹಾಕಿ ಕಳಿಸಿ.