ನೊಂದ ಮನಕ್ಕೊಂದು ಕೇಳುವ ಕಿವಿ



ಕೌಶಿಕನನ್ನು ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಅದನ್ನು ಪರೀಕ್ಷೆಯೆಂದೇ ವ್ಯಾಖ್ಯಾನಿಸುವುದು ವಾಡಿಕೆ. ನನಗೋ ಅಲ್ಲಿ ಕಾಣುವುದು, ನೊಂದು ಬಂದವಳ ಮಾತನ್ನು ಕಡೆಯವರೆಗೂ ಕೇಳಿದ ಒಂದು ಸಭೆ.

ಬಾಲ್ಯದಲ್ಲಿ ಬಂಧುವೊಬ್ಬರಿಂದ ಅನುಭವಿಸಿದ ಹಿಂಸೆಯ ನೆನಪು ನಲವತ್ತು ದಾಟಿದರೂ ನನ್ನನ್ನು ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರೆ ಆ ಕೋಣೆಯೇ ಎದುರಾಗುತ್ತಿತ್ತು. ಪೂರ್ವಕರ್ಮವೆಂದು ಸಮಾಧಾನ ಹೇಳಿದವರುಂಟು. ನೊಂದವರ ಮೇಲೆಯೇ ಹೊರೆ ಹೊರಿಸುವ ಆ ಮಾತು ನನಗೆ ಒಪ್ಪಿಗೆಯಿಲ್ಲ.

ಆಪ್ತಸಮಾಲೋಚಕಿಯವರು, "ಕಣ್ಣು ತೆರೆದೇ ಇರಿ, ಪಾದವು ನೆಲಕ್ಕೆ ತಾಗಿರುವುದನ್ನು ಗಮನಿಸಿ" ಎಂದರು. ಎಡಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುವ ನಮ್ಮ ಪೂಜೆಯೂ ತೆರೆದ ಕಣ್ಣಿನದೇ ಅಲ್ಲವೇ! ಪೂಜೆಯಿದೆಯೆಂದು ಚಿಕಿತ್ಸೆಯನ್ನು ಬಿಡಲಿಲ್ಲ. ಚಿಕಿತ್ಸೆಯಿದೆಯೆಂದು ಪೂಜೆಯನ್ನೂ ಬಿಡಲಿಲ್ಲ. ಈಗಲೂ ಕೆಲವು ರಾತ್ರಿ ನಿದ್ದೆ ಬಾರದು. ಆದರೆ ನೆನಪು ಬಂದಾಗ, ಅದು ಮುಗಿದುಹೋದುದೆಂಬ ಅರಿವೂ ಜೊತೆಗೇ ಬರುತ್ತದೆ.

ಮನೆಯವರೊಡನೆ ಹೇಳಲಾಗದವರು 14416 ಸಂಖ್ಯೆಗೆ ಕರೆ ಮಾಡಬಹುದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯಿದು; ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.